ಸಿದರಾಯನ ಜೀಪಿನ ರೋಗ

ಗಾಡಿ ಕೆಡಿಸಿಕೊಂಡು ಬಂದವರನ್ನು ಕಂಡರೆ ನನಗೆ ಮೊದಲು ಸಿಟ್ಟು, ಆಮೇಲೆ ಕೆಲಸ. ಎಂಬತ್ತೊಂಬತ್ತನೇ ಇಸವಿಯಲ್ಲಿ ಕರೋಶಿಯ ಸಿದರಾಯ ಚಿಕ್ಕೋಡಿಯ ನನ್ನ ಗ್ಯಾರೇಜಿಗೆ ಜೀಪನ್ನು ಎತ್ತು ಹೂಡಿ ಎಳೆಸಿಕೊಂಡು ಬಂದ ದಿನವಂತೂ ಮೈಯೆಲ್ಲ ಉರಿಯಿತು. ಜೀಪಿನೊಳಗೆ ಅವನ ತಾಯಿ ಹೊಳೆವ್ವ ಗೌಡ್ತಿಯಂತೆ ಕುಳಿತಿದ್ದಳು.

"ಪಾರಿಸಣ್ಣಾ, ಇವತ್ತ ಕಬ್ಬೂರಿಗೆ ಬರತೀನಂತ ಸತ್ತೆವ್ವಗ ಹೇಳಿ ಕಳಿಸೇನ್ರಿ. ಇವತ್ತೂ ಹೋಗಲಿಲ್ಲಂದ್ರ ಆಕಿ ಮತ್ತ ನನ್ನ ನಂಬೂದಿಲ್ಲ," ಎಂದ ಸಿದರಾಯ.

ಸತ್ತೆವ್ವ ಅವನ ಹೆಂಡತಿ. ನಿಪ್ಪಾಣಿಯ ಸಂತೆಯಲ್ಲಿ ಜೀಪು ಕೆಟ್ಟು ನಿಂತಾಗ, ಇಳಕಲ್ಲ ಸೀರೆ ಉಟ್ಟಿದ್ದ ಅವಳು ಮಂದಿಯೆದುರು ಅದನ್ನು ದಬ್ಬಬೇಕಾಗಿತ್ತು. "ಈ ಜೀಪ ತನ್ನ ಕಾಲಮ್ಯಾಲ ನಮ್ಮಪ್ಪನ ಬಾಗಿಲಿಗೆ ಬರೂತನಕಾ ನಾ ಬರಂಗಿಲ್ಲ. ಈ ಜನ್ಮದಾಗ ಇದನ್ನ ಮತ್ತ ದಬ್ಬಂಗಿಲ್ಲ," ಎಂದು ತವರಿಗೆ ಹೋಗಿದ್ದಳು.

ಜೀಪು ಚಾಲೂ ಮಾಡಿದೆ. ಕರಿ ಹೊಗೆ ಉಗುಳಿತು, ದಮ್ಮಿಲ್ಲ. ಗಾಳಿಯ ಫಿಲ್ಟರ್ ಬಿಚ್ಚಿದರೆ ಕಬ್ಬಿನ ಒಣ ಎಲೆಯ ರವದಿ ತುಂಬಿ ಗುಬ್ಬಿಗೂಡಾಗಿತ್ತು. "ಉಸುರ ಕಟ್ಟಿದ್ರ ಎಂಜಿನ್ ಹೆಂಗ ಎಳೀತೈತೋ ಶಾಣ್ಯಾ?" ಎಂದು ಬೈಯುತ್ತ ತೆಗೆದೆ. ಹೊಗೆ ನಿಂತಿತು, ಆದರೆ ಗೇರು ಬೀಳಲೊಲ್ಲದು. ಕ್ಲಚ್ಚು ಸರಿಯಿತ್ತು, ಅಂದರೆ ರೋಗ ಗೇರ್‌ಬಾಕ್ಸಿನದೇ. ಮುಚ್ಚಳ ತೆಗೆದು ಕೈ ಹಾಕಿದೆ. ಹಳದಿ ಹಳದಿ, ಗಟ್ಟಿ ಗಟ್ಟಿ, ಥೂ, ಎಂಥ ನಾತ!

"ಏನಲೇ ಇದು?"

ಸಿದರಾಯ ತಾಯಿಯ ಮುಖ ನೋಡಿದ. ಹೊಳೆವ್ವ ಸೆರಗು ಸರಿಮಾಡಿಕೊಂಡಳು.

"ಕಾರಹುಣ್ಣಿವಿಗೆ ಎತ್ತಿನ ಬಾಯಾಗ ಬಿದಿರಿನ ಗೊಟ್ಟ ಹಿಡದು ತತ್ತಿ, ಅರಿಷಿಣ, ಎಣ್ಣಿ ಹಾಕಿದ್ವೆಪಾ. ಈಗ ಅವು ಹೆಂಗ ಜಿಗ್ಯಾಕತ್ತಾವ ನೋಡು. ಇದೂ ದುಡಿಯೂ ಜೀವ ಅಲ್ಲೇನ? ಎಣ್ಣಿ ಹಾಕೂ ತೂತಿನಾಗ ಇದಕ್ಕೂ ಒಂದ ಗೊಟ್ಟ ಹಾಕೇನಿ."

ಅಯ್ಯೋ ಭಗವಂತಾ! ದಿನಾ ಬಸದಿಗೆ ಹೋಗುವ ನನ್ನ ಕೈ ಮೊಳಕೈವರೆಗೆ ತತ್ತಿಯಲ್ಲಿ! ಅದು ಬಿಸಿಗೆ ಬೆಂದು ಗೇರಿಗೆ ಅಂಟಿಕೊಂಡಿತ್ತು. ಬಾಯಿಗೆ ಬಂದದ್ದೆಲ್ಲ ಅಂದೆ. ಮುದುಕಿ ಎಲ್ಲ ಕೇಳಿಸಿಕೊಂಡು, "ಸೊಸಿ ಇಲ್ಲದ ಮನಿ ಭಣಭಣ ಅಂತೈತೆಪಾ. ಲಗೂನ ಓಡಲಿ ಅಂತ ಹಾಕಿದೆ," ಎಂದಳು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಡೀಸೆಲ್ಲಿನಲ್ಲಿ ತೊಳೆದು ಹೊಸ ಎಣ್ಣೆ ಹಾಕಿದೆ. ಮುಂದಿನ ಗೇರೆಲ್ಲ ಬಿದ್ದವು. ರಿವರ್ಸಿನ ಹಲ್ಲು ಮಾತ್ರ ಎಂದೋ ಮುರಿದಿತ್ತು. ಸಾಮಾನು ಕೊಲ್ಲಾಪುರದಿಂದ ಬರಬೇಕು. "ಮುಂದ ಹೊಡಿ. ಹಿಂದ ಸರಿಯೂ ಪ್ರಸಂಗ ತರಬ್ಯಾಡ," ಎಂದೆ. ಇವನಿಗೆ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ನಾನೂ ಹತ್ತಿ ಕುಳಿತೆ.

ಕಬ್ಬೂರಿನವರೆಗೆ ಜೀಪು ಎಲ್ಲೂ ನಿಲ್ಲಲಿಲ್ಲ. ಸಿದರಾಯ ಹುರುಪಿನಲ್ಲಿ ಮಾವನ ಓಣಿಗೆ ನುಗ್ಗಿಸಿ ಬಾಗಿಲಿಗೇ ತಂದು ನಿಲ್ಲಿಸಿದ. ಓಣಿ ಅಲ್ಲಿಗೇ ಮುಗಿದಿತ್ತು, ಎರಡೂ ಕಡೆ ಗೋಡೆ. ನಾನು ಹಣೆ ಬಡಿದುಕೊಂಡೆ.

ಸತ್ತೆವ್ವ ಮುಖ ಗಂಟಿಕ್ಕಿಕೊಂಡೇ ಹೊರಬಂದಳು. ಹೊಳೆವ್ವ ಕೂತಲ್ಲಿಂದಲೇ ಗೊಟ್ಟದ ಕತೆ ಹೇಳಿಬಿಟ್ಟಳು, ಭಣಭಣ ಎನ್ನುವ ಮನೆಯನ್ನೂ ಬಿಡಲಿಲ್ಲ. ಸತ್ತೆವ್ವ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು, ಬಟ್ಟೆಯ ಗಂಟು ತಂದು ಜೀಪಿನೊಳಗೆ ಒಗೆದಳು. ಆಗ ಸಿದರಾಯ ತಲೆ ಕೆರೆದುಕೊಂಡ. "ಇದು ಹಿಂದ ಹೋಗಂಗಿಲ್ಲ. ಓಣಿ ದಾಟೂತನಕಾ ದಬ್ಬಬೇಕು."

ಹೊಳೆವ್ವ ತಾನೇ ದಬ್ಬುವೆನೆಂದು ಇಳಿಯಲು ಕಾಲು ಚಾಚಿದಳು.

"ನೀವ ಕುಂದರ್ರಿ ಅತ್ತಿ," ಎಂದು ಸತ್ತೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಜೀಪಿನ ಮುಂದೆ ಬಂದಳು. "ಮಿಸ್ತ್ರಿ ಅಣ್ಣಾರ, ನೋಡಕೋತ ಏನ ನಿಂತೀರಿ? ಕೈ ಹಚ್ಚರಿ!"