ನಿಂಬೆ ಮರದ ಬೇಲಿ ಬದಿ

ಆಗಸ್ಟ್‌ ತಿಂಗಳ ಮೊದಲ ಶನಿವಾರ ಸಂಜೆ ಐದೂ ಮುಕ್ಕಾಲಿಗೆ ಸಾಲ್ವು ಕಮೆನ್ಸುಲಿ ತನ್ನ ಹಿತ್ತಲಿನ ನಿಂಬೆ ಮರವನ್ನು ಕಡಿಸುವುದಾಗಿ ಹೇಳಿದ.

ಹೇಳಿದ್ದು ಹಿಂಬಾಗಿಲ ಜಗಲಿಯಲ್ಲಿ. ಅಲ್ಲಿಗೆ ಎಳೆದು ತಂದಿದ್ದ ಟಿವಿಯಲ್ಲಿ ಫುಟ್‌ಬಾಲ್ ಪಂದ್ಯ ಆಗಷ್ಟೇ ಮುಗಿದು ಅವನ ತಂಡ ಸೋತಿತ್ತು. ಪಕ್ಕದ ಮನೆಯ ಮರ್ವ್ ಲಡ್ಲೋ ಬಾರ್ಬೆಕ್ಯೂ ಮೇಲಿನ ಸಾಸೇಜ್ ತಿರುಗಿಸುತ್ತಿದ್ದ. ಎದುರು ಮನೆಯ ಥಾಚ್ ಬಿಯರ್ ಡಬ್ಬಿಗಳನ್ನು ಐಸ್ ಪೆಟ್ಟಿಗೆಗೆ ತುಂಬುತ್ತಿದ್ದ. ಮೆಲ್ಬರ್ನ್‌ನ ಪಶ್ಚಿಮದ ಸೇಂಟ್ ಆಲ್ಬನ್ಸ್‌ನಲ್ಲಿ, ಆ ಜಗಲಿಯಲ್ಲಿ, ಫುಟ್‌ಬಾಲ್ ಋತುವಿನ ಶನಿವಾರಗಳೆಲ್ಲ ಹೀಗೇ ಕಳೆಯುತ್ತಿದ್ದವು.

"ನನ್ನ ತಂಗಿ ಅವಳ ಅಂಗಳದಿಂದ ಕ್ಯಾರವಾನ್ ತೆಗಿ ಅಂತಿದಾಳೆ," ಎಂದ ಸಾಲ್ವು. "ನವೆಂಬರ್‌ವರೆಗೆ ಟೈಮ್ ಕೊಟ್ಟಿದಾಳೆ. ಇಲ್ಲಿ ನಿಲ್ಲಿಸೋಕೆ ಇರೋದು ಒಂದೇ ಜಾಗ, ಆ ಜಾಗದಲ್ಲಿ ಮರ ಇದೆ. ಅದೂ ಎಂಥ ಮರ? ಅರ್ಧ ಸತ್ತಿರೋ ಮರ. ನೆಲಕ್ಕೆ ಕಾಂಕ್ರೀಟ್ ಹಾಕೋನಿಗೆ ಹೇಳಾಯ್ತು."

ಅವನ ಹೆಂಡತಿ ಪೌಲಿನಾ ಚೀಸ್ ತುಂಬಿದ ಪಾಸ್ಟಿಟ್ಸಿ ಕಡುಬಿನ ತಟ್ಟೆಯನ್ನು ಮೇಜಿನ ಮೇಲಿಟ್ಟು ನಿಂತಳು. ಈ ಮನೆಗೆ ಬಂದ ವರ್ಷ ಆ ಸಸಿಯನ್ನು ನೆಟ್ಟವಳು ಅವಳು. ಶುಕ್ರವಾರದ ಮೀನಿಗೆ ಹಿಂಡುವ ನಿಂಬೆ ಆ ಮರದ್ದು. ಚೀಲದಲ್ಲಿ ತುಂಬಿ ಗೇಟಿಗೆ ನೇತುಹಾಕಿದರೆ ಬೀದಿಯವರು ಒಯ್ಯುತ್ತಿದ್ದ ನಿಂಬೆಯೂ ಅದರದ್ದೇ. ಎರಡು ವರ್ಷದಿಂದ ಕಾಯಿ ಕಡಿಮೆಯಾಗಿತ್ತು, ಎಲೆ ಹಳದಿಯಾಗಿತ್ತು.

"ಕಾಯಿಲೆ ಬಿದ್ದವರನ್ನೆಲ್ಲ ಕಡೀತಾ ಹೋದ್ರೆ ನಿನ್ನ ಮಂಡಿ ಯಾವತ್ತೋ ಹೋಗ್ಬೇಕಿತ್ತು," ಎಂದಳು. "ಕಪ್ ದಿನದವರೆಗೆ ಬಿಡು."

ಕಪ್ ದಿನ ಎಂದರೆ ನವೆಂಬರ್‌ನ ಮೊದಲ ಮಂಗಳವಾರ, ಕುದುರೆ ಓಟದ ರಜೆ.

"ಬಿಟ್ರೆ ಏನಾಗತ್ತೆ?"

"ಹೂ ಬಿಡತ್ತೆ."

"ಇಡೀ ಮರದಲ್ಲಿ ಬಿಡ್ಬೇಕು. ಎರಡೂ ಬದಿ," ಎಂದ ಸಾಲ್ವು. ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರ್ ಆಗಿ ನಿವೃತ್ತನಾದ ಅವನಿಗೆ ಅಳತೆಯಿಲ್ಲದ ಮಾತು ಹಿಡಿಸುತ್ತಿರಲಿಲ್ಲ. "ಒಂದು ಬದಿ ಹೂ, ಇನ್ನೊಂದು ಬದಿ ಸೌದೆ ಅಂದ್ರೆ ಆಗಲ್ಲ."

"ಆಯ್ತು. ಎರಡೂ ಬದಿ."

"ಇಲ್ಲ ಅಂದ್ರೆ ಬುಧವಾರ ಬೆಳಿಗ್ಗೆ ಗರಗಸ."

"ಇಲ್ಲ ಅಂದ್ರೆ ಗರಗಸ ನಾನೇ ತಂದುಕೊಡ್ತೀನಿ."

ಮರ್ವ್ ಚಿಮಟ ಎತ್ತಿ ತೋರಿಸಿದ. "ತಲೆ ಕೆಡಿಸ್ಕೋಬೇಡ ಪೌಲಿ. ನಾವಿಲ್ವಾ? ಈ ಮರ ಹೋದ್ರೆ ನನ್ನ ಜಿನ್‌ಗೆ ಏನು ಹಿಂಡ್ಕೊಳ್ಳಿ? ನಮ್ಮ ಕೈಲಾದ್ದು ನಾವೂ ಮಾಡ್ತೀವಿ."

"ಖಂಡಿತ ಅಕ್ಕಾ," ಎಂದ ಥಾಚ್.

ಪೌಲಿನಾ ಸೋಮವಾರವೇ ಕೆಲಸ ಶುರು ಮಾಡಿದಳು. ಮರದ ಬುಡದವರೆಗೂ ಹುಲ್ಲು ಹಬ್ಬಿತ್ತು. ನಿಂಬೆಯ ಬೇರುಗಳು ಆಳಕ್ಕಿಳಿಯದೆ ಮಣ್ಣಿನ ಮೇಲ್ಪದರದಲ್ಲೇ ಹರಡಿರುತ್ತವೆ. ಹಾಕಿದ ನೀರು, ಗೊಬ್ಬರ ಮೊದಲು ಹುಲ್ಲಿಗೆ, ಉಳಿದರೆ ಮರಕ್ಕೆ. ಸಲಿಕೆ ಹಾಕಿದರೆ ಬೇರು ತುಂಡಾಗುತ್ತದೆ ಎಂದು ಮಂಡಿಯೂರಿ ಕುಳಿತು, ನೆರಳಿನ ಅಂಚಿನವರೆಗೆ ಅಷ್ಟೂ ಹುಲ್ಲನ್ನು ಕೈಯಿಂದಲೇ ಕಿತ್ತಳು. ಕಸಿ ಕಟ್ಟಿದ ಜಾಗದ ಕೆಳಗಿಂದ ಎರಡು ಕಡ್ಡಿಗಳು ನೆಟ್ಟಗೆ ಮೇಲೆದ್ದಿದ್ದವು. ಅವುಗಳ ಎಲೆಗಳು ಮೂರು ಮೂರರ ಗುಂಪಿನಲ್ಲಿದ್ದವು. ಅದು ಕೆಳಗಿನ ಕಾಡುಬೇರಿನ ಚಿಗುರು. ಅದರಲ್ಲಿ ತಿನ್ನುವಂಥ ನಿಂಬೆ ಬಿಡುವುದಿಲ್ಲ, ಮರದ ಸತ್ವ ಮಾತ್ರ ಹೀರುತ್ತದೆ. ಎರಡನ್ನೂ ಬುಡದಲ್ಲೇ ಕಿತ್ತೆಸೆದಳು.

ಆಮೇಲೆ ಗಂಟುಗಳ ಸರದಿ. ಒಂದು ಬಗೆಯ ಪುಟ್ಟ ಕಣಜ ಎಳೆ ಟೊಂಗೆಯೊಳಗೆ ಮೊಟ್ಟೆಯಿಡುತ್ತದೆ. ಟೊಂಗೆ ಅಲ್ಲಿ ಊದಿ ಗಂಟು ಕಟ್ಟುತ್ತದೆ, ಈ ದೇಶದಲ್ಲಿ ಸೆಪ್ಟೆಂಬರ್‌ಗೆ ಬರುವ ವಸಂತದಲ್ಲಿ ಮರಿಗಳು ತೂತು ಕೊರೆದು ಹೊರಬೀಳುತ್ತವೆ. ಆಗಸ್ಟ್ ಮುಗಿಯುವ ಮೊದಲು ಗಂಟು ಕತ್ತರಿಸಬೇಕು, ಕತ್ತರಿಸಿದ್ದನ್ನು ನೆಲಕ್ಕೆ ಬಿಡದೆ ಚೀಲಕ್ಕೆ ಹಾಕಿ ಬಾಯಿ ಕಟ್ಟಬೇಕು. ತೂತು ಬಿದ್ದ ಹಳೆಯ ಗಂಟುಗಳಿಂದ ಅಪಾಯವಿಲ್ಲ, ಕಣಜ ಹೋಗಿಯಾಗಿದೆ. ಪೌಲಿನಾ ಏಣಿ ಹತ್ತಿ ಹೊಸ ಗಂಟುಗಳನ್ನಷ್ಟೇ ಆರಿಸಿ ಕತ್ತರಿಸಿದಳು. ಏಣಿ ಹಿಡಿದುಕೊಂಡಿದ್ದವನು ಸಾಲ್ವು.

"ನಾನು ಯಾಕೆ ಹಿಡ್ಕೋಬೇಕು? ನಾನು ಎದುರು ಪಾರ್ಟಿ," ಎಂದ.

"ನಾನು ಬಿದ್ರೆ ಶುಕ್ರವಾರ ಮೀನು ಯಾರು ಹುರೀತಾರೆ?"

ಅವನು ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಕೋಳಿಗೊಬ್ಬರದ ಗುಳಿಗೆಗಳನ್ನು ಕಾಂಡದ ಹತ್ತಿರ ಹಾಕದೆ ನೆರಳಿನ ಅಂಚಿನ ಸುತ್ತ ಎರಚಿ ನೀರು ಹಾಯಿಸಿದಳು. ಮೇಲೆ ಒಣಹುಲ್ಲು ಹೊದಿಸಿದಳು, ಕಾಂಡದಿಂದ ಒಂದು ಗೇಣು ಬಿಟ್ಟು. ಒದ್ದೆ ಹುಲ್ಲು ತೊಗಟೆಗೆ ತಾಗಿದರೆ ಬುಡ ಕೊಳೆಯುತ್ತದೆ.

ಸೆಪ್ಟೆಂಬರ್ ಆರಂಭದಲ್ಲಿ ಫಲ ಕಂಡಿತು, ಅರ್ಧ ಮಾತ್ರ. ಅಡುಗೆಮನೆಯ ಕಿಟಕಿಗೆ ಎದುರಾದ ಬದಿಯಲ್ಲಿ ಎಲೆಗಳು ಹಸಿರಿಗೆ ತಿರುಗಿ ಟೊಂಗೆಯ ತುದಿಗಳಲ್ಲಿ ಎಳೆ ಚಿಗುರು ಮೂಡಿತು. ಹಿಂದಿನ ಬೇಲಿಯ ಬದಿ ಮಾತ್ರ ಮೊದಲಿಗಿಂತ ಹದಗೆಟ್ಟಿತು. ಎಲೆಗಳ ತುದಿ, ಅಂಚು ಕಂದಾಗಿ ಸುಟ್ಟಂತಾಗಿ ಒಂದೊಂದೇ ಉದುರತೊಡಗಿದವು.

ಸಾಲ್ವು ಮರದ ಸುತ್ತ ಒಂದು ಸುತ್ತು ಬಂದ. "ಅರ್ಧ ಕ್ಯಾರವಾನ್ ನಿಲ್ಸೋಕಾಗತ್ತಾ ನೋಡ್ತೀನಿ," ಎಂದ.

ಪೌಲಿನಾ ಎರಡೂ ಬದಿಯ ಎಲೆಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ನರ್ಸರಿಗೆ ಹೋದಳು. ಅಲ್ಲಿನ ಹೆಂಗಸು ಸುಟ್ಟ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ಉಪ್ಪು ಜಾಸ್ತಿಯಾಗಿ ಸುಟ್ಟಿರೋದು. ಗೊಬ್ಬರ ಜಾಸ್ತಿ ಹಾಕಿದೀರಾ?"

"ಎರಡೂ ಕಡೆ ಒಂದೇ ಡಬ್ಬದಲ್ಲಿ ಅಳೆದು ಹಾಕಿದೀನಮ್ಮ."

"ಹಾಗಾದ್ರೆ ಆ ಕಡೆ ಇನ್ಯಾರೋ ಏನೋ ಹಾಕ್ತಿದಾರೆ."

"ಯಾರೂ ಇಲ್ಲ. ನನ್ನ ಗಂಡ ಮರ ಕಡೀಬೇಕು ಅಂತಿದಾನೆ ನಿಜ. ಆದ್ರೆ ಕಳ್ಳಾಟ ಆಡೋ ಮನುಷ್ಯ ಅಲ್ಲ."

ಹಾಗೆ ಹೇಳಿ ಬಂದಳಾದರೂ ಬಸ್ಸಿನಲ್ಲಿ ಕುಳಿತಾಗ ಅನುಮಾನ ಹತ್ತಿತು. ಮನೆಗೆ ಬಂದು ಪಾತ್ರೆ ತೊಳೆಯುತ್ತ ಕಿಟಕಿಯಿಂದ ಮರ ನೋಡಿದಳು. ಅಲ್ಲಿಂದ ಕಾಣುತ್ತಿದ್ದುದು ಚೆನ್ನಾಗಿದ್ದ ಬದಿ. ಬೇಲಿಯ ಬದಿ ಕಾಣುತ್ತಿರಲಿಲ್ಲ. ತನ್ನ ಕಣ್ಣಿಗೆ ಬೀಳುವ ಅರ್ಧ ಬದುಕುತ್ತಿದೆ, ಬೀಳದ ಅರ್ಧ ಸಾಯುತ್ತಿದೆ. ಅಂದರೆ ಕಾರಣ ಮಣ್ಣಿನಲ್ಲಿಲ್ಲ, ಮನುಷ್ಯರಲ್ಲಿದೆ.

ಆ ಶನಿವಾರ ಪಂದ್ಯದ ಮಧ್ಯಂತರದಲ್ಲಿ ಅವಳು ಪಕ್ಕದ ಬಾಗಿಲಿನಿಂದ ಹೊರಬಿದ್ದು, ಬೇಲಿಗುಂಟ ನಡೆದು ಮರದ ಹಿಂಬದಿಗೆ ಹೋದಳು. ಮರ್ವ್ ಅಲ್ಲಿ ಬೆನ್ನು ತಿರುಗಿಸಿಕೊಂಡು, ಕಾಲು ಅಗಲಿಸಿ ನಿಂತಿದ್ದ.

"ಮರ್ವ್."

"ಅಯ್ಯೋ! ಪೌಲಿ, ಒಂದ್ನಿಮಿಷ, ಈಗ ತಿರುಗೋಕಾಗಲ್ಲ."

"ತಿರುಗ್ಬೇಡ. ಹಾಗೇ ನಿಂತು ಉತ್ತರ ಕೊಡು. ಒಳಗೆ ಟಾಯ್ಲೆಟ್ ಇದೆ, ಗೊತ್ತಾ?"

"ಗೊತ್ತು. ಆದ್ರೆ ನಿಂಬೆ ಮರಕ್ಕೆ ಇದಕ್ಕಿಂತ ಒಳ್ಳೇದು ಏನಿದೆ ಹೇಳು! ನಮ್ಮಪ್ಪ ಮಾಡ್ತಿದ್ದ, ಅವರಪ್ಪ ಮಾಡ್ತಿದ್ದ."

ಅದು ಪೌಲಿನಾಳಿಗೂ ಗೊತ್ತಿದ್ದ ಸಂಗತಿಯೇ. ಈ ದೇಶದಲ್ಲಿ ಹಿತ್ತಲಲ್ಲಿ ನಿಂಬೆ ಮರವಿದ್ದರೆ ಬಾರ್ಬೆಕ್ಯೂಗೆ ಬಂದ ಗಂಡಸರಲ್ಲಿ ಒಬ್ಬನಾದರೂ ಕತ್ತಲಾದ ಮೇಲೆ ಅದರತ್ತ ನಡೆಯುತ್ತಾನೆ. ಯಾವತ್ತೋ ಒಮ್ಮೆ ಅಂತ ಅವಳು ತಲೆಕೆಡಿಸಿಕೊಂಡಿರಲಿಲ್ಲ.

"ಇವತ್ತು ಇದು ಎಷ್ಟನೇ ಸಲ?"

"ಮೂರನೇದು," ಎಂದ ಮರ್ವ್ ಹೆಮ್ಮೆಯಿಂದ. "ನೀನು ಆವತ್ತು ಪಂದ್ಯ ಕಟ್ಟಿದ ಮೇಲೆ ಒಂದು ಹನಿ ಬೇರೆ ಕಡೆ ಹೋಗಿಲ್ಲ. ಬೆಳಿಗ್ಗೆಯಿಂದ ಮನೇಲಿ ತಡ್ಕೊಂಡು ಇಲ್ಲಿಗೇ ತರ್ತಿದೀನಿ."

ಆಗ ಕೊಂಬೆಗಳ ಆಚೆ ಯಾರೋ ಕೆಮ್ಮಿದರು.

"ಯಾರು ಅದು? ಥಾಚ್?"

"ನಾನು ಏನೂ ಮಾಡ್ತಿಲ್ಲ ಅಕ್ಕಾ. ಬರೀ ಸಾಲಲ್ಲಿ ನಿಂತಿದೀನಿ."

ಪೌಲಿನಾ ಇಬ್ಬರನ್ನೂ ಜಗಲಿಗೆ ಕರೆತಂದು, ಟಿವಿ ಆರಿಸಿ, ಸುಟ್ಟ ಎಲೆಗಳನ್ನು ಮೇಜಿನ ಮೇಲೆ ಹರಡಿದಳು.

"ಉಚ್ಚೇಲಿ ಉಪ್ಪಿರತ್ತೆ. ಒಂದು ಬಕೆಟ್ ನೀರಿಗೆ ಸ್ವಲ್ಪ ಬೆರೆಸಿ ಸುತ್ತ ಹಾಕಿದ್ರೆ ಗೊಬ್ಬರ. ಮತ್ತೆ ಮತ್ತೆ ಒಂದೇ ಜಾಗಕ್ಕೆ ಹಾಗೇ ಬಿಟ್ರೆ ಬೇರು ಸುಡತ್ತೆ. ನೋಡಿ, ನೀವು ಕಾಪಾಡಿರೋ ಮರ."

ಮರ್ವ್ ಒಂದು ಎಲೆ ಎತ್ತಿ ನೋಡಿ ಕೆಳಗಿಟ್ಟ. ಥಾಚ್ ತಲೆ ಎತ್ತಲಿಲ್ಲ. "ನಾನು ಈ ಬೀದಿಗೆ ಬಂದಾಗ ಮರ್ವ್ ಮೊದಲು ಹೇಳಿಕೊಟ್ಟಿದ್ದೇ ಇದು ಅಕ್ಕಾ. ಈ ದೇಶದ ಪದ್ಧತಿ ಅಂದ."

ಪೌಲಿನಾ ಗಂಡನತ್ತ ತಿರುಗಿದಳು. "ನೀನು?"

"ನಾನು ಮಾಡ್ತಿದ್ದೆ, ಸುಳ್ಳು ಹೇಳಲ್ಲ," ಎಂದ ಸಾಲ್ವು. "ಪಂದ್ಯ ಕಟ್ಟಿದ ದಿನದಿಂದ ಬಿಟ್ಟೆ."

"ಯಾಕೆ?"

"ಮರಕ್ಕೆ ಸಹಾಯ ಆಗತ್ತಲ್ಲ ಅಂತ."

ಕಡಿಸಬೇಕೆಂದವನು ಬಿಟ್ಟಿದ್ದ, ಉಳಿಸಬೇಕೆಂದವರು ಸುರಿದಿದ್ದರು. ಮೊದಲು ನಕ್ಕವಳು ಪೌಲಿನಾ. ಮರ್ವ್ ಮಾತ್ರ ನಗಲಿಲ್ಲ.

ಅಂದಿನಿಂದ ಕಾಯಿದೆ ಬದಲಾಯಿತು. ಬಿಯರ್ ಡಬ್ಬಿ ತೆಗೆಯುವ ಮೊದಲು ಮರ್ವ್ ಮತ್ತು ಥಾಚ್ ಬೇಲಿ ಬದಿಯ ಮಣ್ಣಿಗೆ ನೀರುಣಿಸಬೇಕು. ಆ ಕಡೆಯದ್ದು ಜಿಗುಟು ಮಣ್ಣು. ಒಮ್ಮೆಲೇ ಬಕೆಟ್ ಬೋರಲು ಹಾಕಿದರೆ ನೀರು ಹರಿದು ಬೇಲಿ ಸೇರುತ್ತದೆ. ಪೈಪನ್ನು ಸಣ್ಣಗೆ ಬಿಟ್ಟು, ಒಂದೊಂದು ಜಾಗದಲ್ಲಿ ಸಾವಕಾಶವಾಗಿ ಇಂಗಿಸಿ, ಉಪ್ಪು ಬೇರಿನಿಂದ ಕೆಳಕ್ಕೆ ಜಾರುವಂತೆ ಮಾಡಬೇಕು. ಮುಂದೆ ಎರಡು ದಿನ ಬಿಡಬೇಕು, ಇಲ್ಲವಾದರೆ ಬೇರು ಉಸಿರುಗಟ್ಟುತ್ತದೆ. ಆ ಬದಿಗೆ ಗೊಬ್ಬರ ಪೂರ್ತಿ ಬಂದ್. ಮರ್ವ್ ಶನಿವಾರಕ್ಕೆ ಕಾಯಲಿಲ್ಲ. ವಾರದ ಮಧ್ಯದಲ್ಲೂ ಮಡಚುವ ಕುರ್ಚಿ ತಂದು, ಪೈಪ್ ಹಿಡಿದು ಮರದ ಹಿಂದೆ ಕೂರುತ್ತಿದ್ದ.

"ಪೌಲಿ, ನೋಡು ಬಾ, ಒಂದು ಚಿಗುರು!"

"ಅದು ಕಳೆ ಮರ್ವ್. ಕೀಳು."

ಫುಟ್‌ಬಾಲ್ ಋತು ಮುಗಿಯಿತು. ಅಕ್ಟೋಬರ್ ನಡುವಿನ ಹೊತ್ತಿಗೆ ಕಿಟಕಿ ಬದಿಯ ಕೊಂಬೆಗಳಲ್ಲಿ ನಸುನೇರಳೆ ಮೊಗ್ಗುಗಳು ಅರಳಿ ಅಡುಗೆಮನೆಯವರೆಗೂ ಪರಿಮಳ ಬಂತು. ಬೇಲಿ ಬದಿಯಲ್ಲಿ ಎಲೆ ಉದುರುವುದು ನಿಂತಿತು. ತಿಂಗಳ ಕೊನೆಗೆ ಬೋಳು ಕಡ್ಡಿಗಳಲ್ಲಿ ನಿಜವಾದ ಚಿಗುರೇ ಬಂತು.

ಕಪ್ ದಿನ ಮೂರು ಗಂಟೆಗೆ ಕುದುರೆ ಓಟ. ಅದಕ್ಕೆ ಮೊದಲೇ ತೀರ್ಪು ಆಗಲಿ ಎಂದು ಸಾಲ್ವು ಕನ್ನಡಕ ಹಾಕಿಕೊಂಡು ಹೊರಟ. ಪೌಲಿನಾ, ಮರ್ವ್, ಥಾಚ್ ಮೂವರೂ ಹಿಂದೆ ಹೋದರು. ಕಿಟಕಿ ಬದಿಯನ್ನು ನೋಡಿ "ಇದು ಪಾಸ್" ಎಂದ. ಬೇಲಿ ಬದಿಗೆ ಹೋಗಿ ಒಂದೊಂದು ಟೊಂಗೆಯನ್ನೂ ಬಗ್ಗಿಸಿ ನೋಡಿದ. ಬಹಳ ಹೊತ್ತು ನೋಡಿದ. ಎಲೆಯಿತ್ತು, ಚಿಗುರಿತ್ತು. ಮೊಗ್ಗು ಒಂದೂ ಇರಲಿಲ್ಲ.

"ಹೂವಿಲ್ಲ," ಎಂದ. ಗೆದ್ದವನ ದನಿ ಅದಾಗಿರಲಿಲ್ಲ.

"ಇಲ್ಲ," ಎಂದಳು ಪೌಲಿನಾ. "ಸುಟ್ಟ ಬೇರು ಮೊದಲು ಎಲೆ ಕೊಡತ್ತೆ. ಹೂವಿಗೆ ಇನ್ನೊಂದು ವರ್ಷ ಬೇಕು."

"ನಾವು ಆಡಿದ ಮಾತು—"

"ಎರಡೂ ಬದಿ. ನೆನಪಿದೆ. ಗರಗಸ ಶೆಡ್ಡಲ್ಲಿದೆ, ತರ್ತೀನಿ."

ಅವಳು ನಿಜವಾಗಿಯೂ ಶೆಡ್ಡಿನತ್ತ ನಡೆದಳು. ಸಾಲ್ವು ಟೊಂಗೆ ಕೈಬಿಟ್ಟು ನೆಲ ನೋಡುತ್ತ ನಿಂತ. ಕ್ಯಾರವಾನ್ ನಿಲ್ಲಿಸಲು ಬೇರೆ ಜಾಗವಿರಲಿಲ್ಲ, ತಂಗಿ ಕೊಟ್ಟ ಗಡುವು ಆ ವಾರವೇ ಮುಗಿಯುತ್ತಿತ್ತು.

"ನಿಲ್ಲು ಪೌಲಿ," ಎಂದ ಮರ್ವ್. ಮುಖ ಕೆಂಪಾಗಿತ್ತು. "ಸಾಲ್ವು, ನಿನ್ನ ಕ್ಯಾರವಾನ್ ಎಷ್ಟು ಅಗಲ?"

"ಎರಡೂವರೆ ಮೀಟರ್. ಯಾಕೆ?"

"ನಮ್ಮ ಮನೆ ಪಕ್ಕದ ಓಣೀಲಿ ಹಿಡಿಸತ್ತೆ."

"ಅಲ್ಲಿ ನಿನ್ನ ದೋಣಿ ಇದೆಯಲ್ಲ ಮಾರಾಯ."

ಆ ದೋಣಿಯನ್ನು ರಿಪೇರಿ ಮಾಡಿ ಒಂದು ದಿನ ಸಮುದ್ರಕ್ಕೆ ಇಳಿಸುತ್ತೇನೆಂದು ಮರ್ವ್ ಹನ್ನೆರಡು ವರ್ಷದಿಂದ ಹೇಳುತ್ತಿದ್ದ. ಅದರ ತಳದಲ್ಲಿ ಕೈ ತೂರುವಷ್ಟು ದೊಡ್ಡ ತೂತಿತ್ತು.

"ದೋಣಿ ಹೋಗತ್ತೆ," ಎಂದ. "ಸುಟ್ಟೋನು ನಾನು. ಮರ ಯಾಕೆ ದಂಡ ಕಟ್ಬೇಕು?"

"ನಾನೂ ಅರ್ಧ ಸುಟ್ಟಿದೀನಿ," ಎಂದ ಥಾಚ್. "ದೋಣಿ ಹೊರೋಕೆ ನನ್ನ ಟ್ರಕ್ ತರ್ತೀನಿ."

ಸಾಲ್ವು ಕನ್ನಡಕ ತೆಗೆದು ಜೇಬಿಗೆ ಹಾಕಿದ. "ಓಣಿ ಅಳೀಬೇಕು. ಅಳತೆ ಮಾಡದೆ ನಾನು ಒಪ್ಪಲ್ಲ," ಎಂದವನು ಟೇಪು ತರಲು ಹೋದ. ಓಣಿ ಎರಡು ಮೀಟರ್ ಎಂಬತ್ತು ಸೆಂಟಿಮೀಟರ್ ಇತ್ತು. ಅಷ್ಟರಲ್ಲಿ ಒಳಗೆ ಓಟ ಮುಗಿದು ಹೋಗಿತ್ತು. ಯಾವ ಕುದುರೆ ಗೆದ್ದಿತೆಂದು ನಾಲ್ವರೂ ನೋಡಲಿಲ್ಲ.

ಬುಧವಾರ ಬೆಳಿಗ್ಗೆ ಏಳಕ್ಕೆ ಸಾಲ್ವು ಕಾಂಕ್ರೀಟ್‌ನವನಿಗೆ ಫೋನ್ ಮಾಡಿ ಬರುವುದು ಬೇಡವೆಂದ. ಎಂಟಕ್ಕೆ ಥಾಚ್‌ನ ಟ್ರಕ್ ದೋಣಿಯನ್ನು ಹೊತ್ತು ಗುಜರಿಗೆ ಹೊರಟಿತು. ಮಧ್ಯಾಹ್ನದೊಳಗೆ ಕ್ಯಾರವಾನ್ ಮರ್ವ್‌ನ ಓಣಿಯಲ್ಲಿ ನಿಂತಿತ್ತು, ಎರಡೂ ಕಡೆ ಹದಿನೈದು ಹದಿನೈದು ಸೆಂಟಿಮೀಟರ್ ಜಾಗ ಉಳಿದಿತ್ತು.