ಗೋಮಾಳಕ್ಕೆ ಉಡಿಸಿದ ಸೀರೆ

ಮನೆಗೆ ನೆಂಟರು ಬರುವರೆಂದರೆ ಹರಕು ಚಾಪೆಯನ್ನು ಮಂಚದ ಕೆಳಗೆ ತಳ್ಳುವುದು ಲಿಂಗಾಜಮ್ಮ ಪಾಲಿಸಿಕೊಂಡು ಬಂದ ಗೃಹಿಣೀಧರ್ಮ. ಈ ಸಲದ ನೆಂಟರು ಬಾಗಿಲಿಗೆ ಬಾರದೆ ಆಕಾಶಮಾರ್ಗವಾಗಿ ಬರುವರೆಂದು ತಿಳಿದಾಗಲೂ ಆಕೆ ಆ ಧರ್ಮಕ್ಕೆ ಲೋಪ ತರಲಿಲ್ಲ.

ಸುದ್ದಿ ತಂದವನು ಆಕೆಯ ಗಂಡ ಚೆನ್ನಯ್ಯ. ಮಸಿನಗುಡಿಯ ಚಹಾದಂಗಡಿಯಲ್ಲಿ ಕಾಡಂಚಿನ ಸರ್ವೆಗೆ ಬಂದವರು ವಿಷಯವನ್ನು ಸಾಂಗವಾಗಿ ವಿವರಿಸಿದ್ದರು. ಚೆನ್ನಯ್ಯನ ಚಿತ್ತ ಬಾಣಲೆಯ ಬೋಂಡದಲ್ಲಿ ನೆಟ್ಟಿದ್ದರಿಂದ ಮನೆಗೆ ತಲುಪಿದ್ದು ಅದರ ಅರ್ಧಭಾಗ ಮಾತ್ರ.

“ನಾಳೆ ಬೆಳಿಗ್ಗೆ ಡ್ರೋನ್ ಬತ್ತದಂತೆ ಕಣಮ್ಮಿ. ನಮ್ ಗೋಮಾಳನ ಮೇಲಿಂದ ಪೋಟ ಹಿಡೀತಾರಂತೆ.”

“ಆ ಲಂಟಾನ ಮೆಳೆ ಸಮೇತ್ವಾ?”

“ಮತ್ತಿನ್ನೇನು? ಊಟಿ ಆಫೀಸ್‌ನೋರೆಲ್ಲ ದೊಡ್ಡ ಪರದೆ ಮೇಲೆ ನೋಡ್ತಾರಂತೆ.”

ಲಿಂಗಾಜಮ್ಮ ಬಾಗಿಲಿಗೆ ಬಂದು ಗೋಮಾಳದತ್ತ ನೋಡಿದಳು. ಅದನ್ನು ಲಂಟಾನದ ಮುಳ್ಳುಪೊದೆ ಆವರಿಸಿ ವರ್ಷಗಳೇ ಆಗಿದ್ದವು. ಹಳ್ಳಕ್ಕೆ ಇಳಿಯುವ ದಾರಿಯಂತೂ ಮುಚ್ಚಿಯೇ ಹೋಗಿತ್ತು. ಆಕೆಯ ಹಸು ಗೌರಿ ನೀರು ಕುಡಿಯಲು ಊರು ಸುತ್ತಿ ಹೋಗಬೇಕಾಗಿತ್ತು. ಕಳೆದ ತಿಂಗಳು ಆ ಮೆಳೆಯ ಹಿಂದೆ ನಿಂತಿದ್ದ ಆನೆಯೊಂದು ಕಿವಿ ಬೀಸಿದ ಸದ್ದಿಗೆ ಲಿಂಗಾಜಮ್ಮ ಬಿಂದಿಗೆಯನ್ನೂ ಚಪ್ಪಲಿಯನ್ನೂ ಅಲ್ಲೇ ತ್ಯಜಿಸಿ ಓಡಿ ಬಂದಿದ್ದಳು. ಆ ಮೆಳೆ ಕಡಿಸಿಕೊಡಿ ಎಂದು ಕಂಡ ಕಂಡ ಜೀಪುಗಳನ್ನೆಲ್ಲ ತಡೆದು ಬೇಡಿದವಳು ಆಕೆ. ಆದರೆ ಬೇಡಿಕೆಯೇ ಬೇರೆ, ಊರಿನ ಮರ್ಯಾದೆಯೇ ಬೇರೆ. ಒಂದು ರಾತ್ರಿಯಲ್ಲಿ ಅಷ್ಟು ಮೆಳೆ ಕಡಿಯುವುದು ನರಮನುಷ್ಯರಿಂದ ಸಾಧ್ಯವಿರಲಿಲ್ಲ; ಮುಚ್ಚುವುದು ಸಾಧ್ಯವಿತ್ತು.

ಆಕೆಯ ಬೀದಿಯ ಹೆಂಗಸರು ಒಗೆದ ಬಟ್ಟೆಯನ್ನು ಎಂದಿನಿಂದಲೂ ಲಂಟಾನದ ಮೇಲೆಯೇ ಒಣಹಾಕುವವರು. ಮುಳ್ಳು ಹಿಡಿಯದಂತೆ ಹಗುರವಾಗಿ ಹಾಸಿ, ಎಳೆಯದೆ ಮೇಲಕ್ಕೆತ್ತಿ ತೆಗೆಯುವ ಹಸ್ತಕೌಶಲ ಅವರಿಗೆ ಸಿದ್ಧಿಸಿತ್ತು. ಹೀಗಾಗಿ ಲಿಂಗಾಜಮ್ಮ ಹೇಳಿದ್ದೇ ತಡ, ಹೊತ್ತು ಮೂಡುವ ಮೊದಲೇ ಗೋಮಾಳವು ಹಳದಿ, ನೀಲಿ, ಗಿಳಿಹಸಿರು ಸೀರೆಗಳನ್ನುಟ್ಟು ಸರ್ವಾಲಂಕಾರಭೂಷಿತವಾಗಿ ನಿಂತಿತು. ಎಲ್ಲಕ್ಕಿಂತ ವಿಕಾರವಾಗಿದ್ದ ಹಳ್ಳದ ದಾರಿಯ ಮೆಳೆಗೆ ಲಿಂಗಾಜಮ್ಮ ತನ್ನ ಧಾರೆಯ ಕೆಂಪು ರೇಷ್ಮೆಯನ್ನೇ ಹೊದಿಸಿದಳು.

“ಮದ್ವೇಲಿ ನಿಂಗೂ ಇಷ್ಟು ಚೆಂದ ಕೂತಿರ್ನಿಲ್ಲ,” ಎಂದ ಚೆನ್ನಯ್ಯ.

“ಮದ್ವೇಲಿ ನೀವು ನನ್ನ ಎಲ್ಲಿ ನೋಡುದ್ರಿ? ಊಟದ ಎಲೆ ನೋಡ್ತಾ ಕುಂತಿದ್ರಿ.”

ಸರ್ವೆಯ ಮುಖ್ಯಸ್ಥೆ ಸಿಂಧುಜಾ, ನೀಲಗಿರಿಯ ಕುಂದಾ ಕಡೆಯ ಬಡಗ ಸಮುದಾಯದ ಹುಡುಗಿ. ಮೈಸೂರಿನಲ್ಲಿ ಓದಿ ಕನ್ನಡ ಕಲಿತವಳು. ಡ್ರೋನ್ ಹಾರಿಸುವವನು ಸೆಂಥಿಲ್. ಇಬ್ಬರೂ ಗೋಮಾಳದ ಆಚೆ ಬದಿಯ ದಿಬ್ಬದಲ್ಲಿ ಜೀಪು ನಿಲ್ಲಿಸಿ ಯಂತ್ರವನ್ನು ಮೇಲಕ್ಕೆ ಬಿಟ್ಟರು. ಅದು ದುಂಬಿಯಂತೆ ಝೇಂಕರಿಸುತ್ತ ಏರಿತು. ಲಿಂಗಾಜಮ್ಮ ಕೈಮುಗಿದು ನಿಂತಳು. ಸ್ವಲ್ಪ ಹೊತ್ತಿಗೆ ಸಿಂಧುಜಾ ಓಡೋಡಿ ಬಂದಳು. ನಗುವೂ ಅಳುವೂ ಅವಳ ಮುಖದ ಮೇಲೆ ಜಾಗಕ್ಕಾಗಿ ಜಗಳವಾಡುತ್ತಿದ್ದವು.

“ಅಮ್ಮಾ, ಇದೇನಮ್ಮ ಇಷ್ಟೊಂದು ಸೀರೆ?”

“ಚೆಂದಾಗಿ ಬತ್ತಾ ಮಗಾ, ಪೋಟದಲ್ಲಿ?”

“ಸೀರೆ ಬಂತು. ನಮಗೆ ಬೇಕಾಗಿರೋದು ಲಂಟಾನ!”

ಅವಳು ಉಸಿರು ಸುಧಾರಿಸಿಕೊಂಡು ಬಿಡಿಸಿ ಹೇಳಿದಳು. ಆ ಕ್ಯಾಮೆರಾ ಮನುಷ್ಯರ ಕಣ್ಣಿಗೆ ನಿಲುಕದ ಬೆಳಕನ್ನೂ ಹಿಡಿಯುತ್ತದೆ; ಒಣಹುಲ್ಲಿಗೊಂದು ಕಾಂತಿ, ತೇಗಕ್ಕೊಂದು, ಲಂಟಾನಕ್ಕೆ ಬೇರೊಂದು. ಆ ಕಾಂತಿಯ ಗುರುತಿನಿಂದ ನಕ್ಷೆಯಾಗುತ್ತದೆ. ನಕ್ಷೆಯಲ್ಲಿ ಲಂಟಾನ ಕಂಡಲ್ಲೆಲ್ಲ ಕಡಿಯುವವರು ಬರುತ್ತಾರೆ. ಕಾಣದ ಕಡೆಗೆ ಬರುವುದಿಲ್ಲ.

“ನಿನ್ನೆ ಅಂಗಡಿಯಲ್ಲಿ ಎಲ್ಲಾ ಹೇಳಿದ್ದೆನಲ್ಲಮ್ಮ!”

ಲಿಂಗಾಜಮ್ಮ ನಿಧಾನವಾಗಿ ಗಂಡನತ್ತ ತಿರುಗಿದಳು. ಚೆನ್ನಯ್ಯನಿಗೆ ಥಟ್ಟನೆ ದೂರದ ಬೆಟ್ಟಗಳ ಸೌಂದರ್ಯದಲ್ಲಿ ಆಸಕ್ತಿ ಹುಟ್ಟಿತು.

“ನಾಳೆ ಬಂದು ಹಿಡೀರವ್ವ,” ಎಂದಳು ಲಿಂಗಾಜಮ್ಮ.

“ಹಾರಿಸೋಕೆ ಅನುಮತಿ ಇವತ್ತು ಬೆಳಿಗ್ಗೆ ಮಾತ್ರ ಅಮ್ಮ. ನಾಳೆ ನಾವು ಕಲ್ಲಟ್ಟಿಯಲ್ಲಿರಬೇಕು.”

ದಿಬ್ಬದ ಮೇಲಿಂದ ಸೆಂಥಿಲ್ ಕೂಗಿದ: “ಮೇಡಂ, ಗಾಳಿ ಜಾಸ್ತಿ ಆಗ್ತಾ ಇದೆ! ಇನ್ನೊಂದೇ ರೌಂಡು, ಆಮೇಲೆ ಇಳಿಸ್ಬೇಕು!”

ಬೀದಿಗೆ ಬೀದಿಯೇ ಗೋಮಾಳಕ್ಕೆ ನುಗ್ಗಿತು. ಹಾಸುವಾಗ ಇದ್ದ ತಾಳ್ಮೆ ಎತ್ತುವಾಗ ಯಾರಲ್ಲೂ ಉಳಿಯಲಿಲ್ಲ. ಆದರೂ ಹಳೆಯ ನೂಲಿನ ಸೀರೆಗಳು ಸಣ್ಣಪುಟ್ಟ ತೂತುಗಳೊಡನೆ ಕೈಗೆ ಬಂದವು. ರೇಷ್ಮೆ ಮಾತ್ರ ಬರಲಿಲ್ಲ. ಗಾಳಿ ಅದನ್ನು ಮೆಳೆಯೊಳಕ್ಕೆ ತುರುಕಿ, ಜರಿಯ ಎಳೆ ಎಳೆಗೂ ಒಂದೊಂದು ಮುಳ್ಳನ್ನು ಕಾವಲಿಟ್ಟಿತ್ತು. ಲಿಂಗಾಜಮ್ಮ ಒಂದು ತುದಿಯಿಂದ ಬಿಡಿಸತೊಡಗಿದಳು. ಝೇಂಕಾರ ಹತ್ತಿರವಾಯಿತು.

“ಬುಡು ಅಮ್ಮಿ,” ಎಂದ ಚೆನ್ನಯ್ಯ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. “ಆ ಒಂದು ಮೆಳೆ ಓದ್ರೆ ಓಗ್ಲಿ. ಧಾರೆ ಸೀರೆ ಕಣೆ ಅದು.”

ಆಕೆ ಸೀರೆಯನ್ನು ನೋಡಿದಳು. ಮೆಳೆಯ ಆಚೆ, ಕಾಣದ ಕಡೆ, ಹಳ್ಳದ ನೀರು ಸದ್ದು ಮಾಡುತ್ತಿತ್ತು.

“ಈ ಮೆಳೆ ಬುಟ್ಟು ಬೇರೇದೆಲ್ಲ ಕಡುದ್ರೆ, ಗೌರಿ ನೀರಿಗೆ ಎಲ್ಲಿ ಓಗ್ಬೇಕು? ನೀವು ಆ ಕಡೆ ಇಡ್ಕಳಿ.”

“ಸೀರೆ ಅರೀತದೆ.”

“ಅರೀಲಿ. ಎಳೀರಿ ಅಂದ್ರೆ!”

ಎಳೆದರು. ಎಂದೋ ಒಮ್ಮೆ ಮಂತ್ರಘೋಷದ ನಡುವೆ ಸರಸರನೆಂದಿದ್ದ ಆ ರೇಷ್ಮೆ ಈಗ ಪರ್ರೆಂದಿತು. ಇಬ್ಬರೂ ಹಿಂದಕ್ಕೆ ಜೋಲಿ ಹೊಡೆದು ಹುಲ್ಲಿನ ಮೇಲೆ ಕುಳಿತರು; ಆಕೆಯ ಮಡಿಲಲ್ಲಿ ಸೆರಗು, ಅವನ ಕೈಯಲ್ಲಿ ಅಂಚಿನ ಒಂದು ತುಂಡು. ಡ್ರೋನ್ ಅವರ ತಲೆಯ ಮೇಲೆಯೇ ಹಾದು ಹೋಯಿತು.

ಅದು ಇಳಿದ ಮೇಲೆ ಸಿಂಧುಜಾ ಪರದೆಯನ್ನು ತಂದು ಹಿಡಿದಳು. ಅದರಲ್ಲಿ ಹಸಿರೆಲ್ಲ ಕೆಂಪಾಗಿ ಕಾಣುತ್ತಿತ್ತು. ಲಿಂಗಾಜಮ್ಮ ಪರದೆಗೆ ಮೂಗು ತಾಗುವಷ್ಟು ಬಾಗಿದಳು.

“ಹಳ್ಳದ ದಾರಿ ಯಾವ್ದು ಮಗಾ?”

“ಇಲ್ಲಿ ಅಮ್ಮ. ಈ ಕೆಂಪು.”

“ಪೂರಾ ಬಂತಾ?”

“ಎಲೆ ಮೇಲೆ ಒಂದು ಸಣ್ಣ ಚೂರು ಬಟ್ಟೆ ಮಾತ್ರ ಕಾಣ್ತಿದೆ. ಅಷ್ಟಕ್ಕೆ ತೊಂದರೆ ಇಲ್ಲ. ದಾರಿ ನಕ್ಷೆಗೆ ಸೇರುತ್ತೆ.”

ಲಿಂಗಾಜಮ್ಮ ಹರಿದ ರೇಷ್ಮೆ ಸೆರಗನ್ನು ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡಳು. ಸಿಂಧುಜಾ ಜೀಪು ಹತ್ತುವವರೆಗೂ ಹಿಂದೆಯೇ ನಡೆದು, ಕಿಟಕಿಯ ಬಳಿ ದನಿ ತಗ್ಗಿಸಿ ಹೇಳಿದಳು:

“ಮಗಾ, ಕಡಿಯೋರಿಗೆ ಒಂದ್ ಮಾತು ಏಳು. ಹಳ್ಳದ ದಾರಿಯಿಂದ್ಲೇ ಸುರು ಮಾಡ್ಲಿ, ಮಚ್ಚು ಮಾತ್ರ ಸ್ವಲ್ಪ ನೋಡ್ಕಂಡು ಆಕ್ಲಿ. ನನ್ನ ಅರ್ಧ ಸೀರೆ ಇನ್ನೂ ಒಳಗೇ ಅದೆ.”