ಜಿಂಕೆ ಸೋಮವಾರದ ಹಾಜರಿ

ನಮ್ಮ ಟ್ಯಾನ್‌ಬಾರ್ಕ್ ಕೌಂಟಿಯಲ್ಲಿ ನವೆಂಬರ್ ತಿಂಗಳ ಒಂದು ಸೋಮವಾರ ಯಾರೂ ಮದುವೆಯಾಗುವುದಿಲ್ಲ, ಹಲ್ಲು ಕೀಳಿಸಿಕೊಳ್ಳುವುದಿಲ್ಲ, ಕೈಲಾದಮಟ್ಟಿಗೆ ಸಾಯುವುದೂ ಇಲ್ಲ. ಗಂಡು ಜಿಂಕೆಯ ಬೇಟೆ ಶುರುವಾಗುವ ದಿನ ಅದು. ನಾನು ಹುಟ್ಟಿದಾಗಿನಿಂದ ಆ ವಾರವಿಡೀ ಶಾಲೆಗಳಿಗೆ ರಜೆ. ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟವೂ ಅದರಲ್ಲೇ ಮುಗಿಯುತ್ತದೆ. ಅಂಥ ಸೋಮವಾರಕ್ಕೆ ಶಾಲೆ ಇಟ್ಟವರು ಕೌಂಟಿಯ ಎಲ್ಲ ಶಾಲೆಗಳ ಸೂಪರಿಂಟೆಂಡೆಂಟ್, ಬಾಲ್ಟಿಮೋರ್ ಪಟ್ಟಣದಿಂದ ಬಂದ ಡಾಕ್ಟರ್ ಜೊಯೆಟ್ ಪಿಂಕ್ನಿ. ಅವರೆಂದರೆ ನನಗೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ವರ್ಡಾ ಸ್ಪೋನಾಗಲ್ ಪಕ್ಷಪಾತಿ ಎಂದು ಯಾರೂ ಮೂಗು ಮುರಿಯಬಾರದು.

ನಾನು ಈ ಕೌಂಟಿಯ ಶಾಲಾ ಬಸ್ಸು ಓಡಿಸಿಯೇ ಮುದುಕಿಯಾದವಳು. ಐದನೇ ಕ್ಲಾಸಿಗೆ ಬಂದರೂ ಬಸ್ಸಿನ ಹಣೆಯ ಮೇಲಿನ ಊರಿನ ಹೆಸರು ಓದಲಾರದೆ, ಬೇರೆ ಬಸ್ಸು ಹತ್ತಿ ಬೇರೆ ಕಣಿವೆಯಲ್ಲಿ ಇಳಿದು ಅಳುತ್ತ ನಿಂತ ಮಕ್ಕಳನ್ನು ಕಂಡಿದ್ದೇನೆ. ನಿವೃತ್ತಿಯಾದ ಮೇಲೆ ಚುನಾವಣೆಗೆ ನಿಂತು ಶಾಲಾ ಮಂಡಳಿ ಸೇರಿದ್ದು ಆ ಸಿಟ್ಟಿಗೇ. ರಾಜ್ಯದ ಶಿಕ್ಷಣ ಇಲಾಖೆಯವರು ವರ್ಷಕ್ಕೊಮ್ಮೆ ಪ್ರತಿ ಕೌಂಟಿಗೂ ಬಣ್ಣ ಹಚ್ಚುತ್ತಾರೆ, ಓದಿಗೊಂದು, ಲೆಕ್ಕಕ್ಕೊಂದು, ಹಾಜರಿಗೊಂದು. ನಮ್ಮದು ಎಲ್ಲದರಲ್ಲೂ ಕೆಂಪೋ ಕೆಂಪು, ಅಂದರೆ ಫೇಲು. ಪಿಂಕ್ನಿ ಮೇಡಂ ಬಂದವರೇ, ಪ್ರತಿ ಶಾಲೆಯಲ್ಲೂ ಬೆಳಗಿನ ಮೊದಲ ಗಂಟೆ ಬರೀ ಓದು ಎಂದರು. ಅಡುಗೆಯವರಿಂದ ಹೆಡ್‌ಮಾಸ್ಟರವರೆಗೆ ಎಲ್ಲರೂ ಒಂದೊಂದು ಗುಂಪು ಮಕ್ಕಳನ್ನು ಕೂರಿಸಿಕೊಂಡು ಓದಿಸಬೇಕು. ಎರಡು ವರ್ಷದಲ್ಲಿ ಓದಿನ ಬಣ್ಣ ಹಳದಿಗೆ ತಿರುಗಿತು. ಹಾಜರಿ ಮಾತ್ರ ಕೆಂಪಾಗಿಯೇ ಉಳಿಯಿತು.

ಡಿಸೆಂಬರಿನಲ್ಲಿ ಅವರ ನೇಮಕವನ್ನು ಇನ್ನೂ ಮೂರು ವರ್ಷಕ್ಕೆ ಮುಂದುವರಿಸಬೇಕೋ ಬೇಡವೋ ಎಂದು ಮಂಡಳಿ ಮತ ಹಾಕಬೇಕಿತ್ತು. ನಾವು ಇರುವುದು ಐದು ಜನ. ನಾನೂ ಇನ್ನೊಬ್ಬರೂ ಬೇಕು ಎನ್ನುವವರು. ಬೇಡ ಎನ್ನುವವರು ಇಬ್ಬರು. ಐದನೆಯವನು ಅಧ್ಯಕ್ಷ ಹಾರ್ಲನ್ ಮಲ್ಲೋ, ಮೇವಿನ ಅಂಗಡಿಯ ಮಾಲೀಕ. ಹೆಚ್ಚು ಯೋಚಿಸದೆ, ಹೆಚ್ಚು ಜಗಳವನ್ನೂ ಆಡದೆ, ಹೂಂ ಎನ್ನುತ್ತಾನೆ ಎಂದೇ ನಾನು ನಂಬಿಕೊಂಡಿದ್ದೆ.

ಅಕ್ಟೋಬರಿನಲ್ಲಿ ಯಾರೋ ತಾಯಿ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಶಾಲಾ ಕ್ಯಾಲೆಂಡರನ್ನು ಸರಿಯಾಗಿ ನೋಡಿದಳು. ಜಿಂಕೆ ವಾರದ ಸೋಮವಾರ, ಮಂಗಳವಾರ, ಬುಧವಾರ ಶಾಲೆ ಇತ್ತು. ಸಂಜೆಯೊಳಗೆ ಇಡೀ ಕೌಂಟಿಗೆ ಬೆಂಕಿ ಬಿದ್ದ ಹಾಗಾಯಿತು. ಆ ತಿಂಗಳ ಸಭೆಗೆ ಹಾರ್ಲನ್ ಮುಖ ಗಂಟು ಹಾಕಿಕೊಂಡೇ ಬಂದ.

"ಯಾವ ಪುಣ್ಯಾತ್ಮ ಇದನ್ನ ಪಾಸ್ ಮಾಡ್ಸಿದ್ದು?" ಎಂದು ಮೇಜು ಗುದ್ದಿದ.

ಮಂಡಳಿಯ ಕಾರ್ಯದರ್ಶಿ ಟ್ವೈಲಾ ಕನ್ನಡಕ ಸರಿಮಾಡಿಕೊಂಡು, "ನೀವೇ ಸರ್," ಎಂದಳು. "ಏಪ್ರಿಲಲ್ಲಿ. ಬೇಗ ಮುಗ್ಸಿ, ಮೊಮ್ಮಗನ ಬೇಸ್‌ಬಾಲ್ ಮ್ಯಾಚಿದೆ ಅಂತ ನೀವೇ ಸೂಚಿಸಿ ನೀವೇ ಕೈ ಎತ್ತಿದ್ರಿ."

"ಜನರ ಅಹವಾಲು ಕೇಳ್ಬೇಕಲ್ಲ ಅದಕ್ಕೆ?"

"ಎರಡು ಸಲ ಕರೆದ್ವಿ. ಎರಡು ಸಲಾನೂ ನಾನೂ ಮೇಡಮ್ಮೂ ಇಬ್ರೇ ಕೂತು ಬಿಸ್ಕತ್ತು ತಿಂದು ಎದ್ವಿ."

ನಾನು ಏಪ್ರಿಲಿನಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಮಲಗಿದ್ದೆ, ಇಲ್ಲದಿದ್ದರೆ ಕಿರುಚಿಯಾದರೂ ತಡೆಯುತ್ತಿದ್ದೆ. ಈಗ ಬದಲಿಸಬೇಕೆಂದರೆ ಮತ್ತೆ ಎರಡು ಅಹವಾಲು ಸಭೆ, ಮತ್ತೆ ರಾಜ್ಯದ ಒಪ್ಪಿಗೆ. ಅಷ್ಟರಲ್ಲಿ ಕ್ರಿಸ್‌ಮಸ್ ಬಂದಿರುತ್ತದೆ. ತುಂಬಿದ ಸಭೆಯಲ್ಲಿ ನಗೆಪಾಟಲಾದ ಹಾರ್ಲನ್ ಆ ಸಿಟ್ಟನ್ನೆಲ್ಲ ಮೇಡಂ ಮೇಲೆ ತಿರುಗಿಸಿದ. ಸಭೆ ಮುಗಿದು ಹೊರಗೆ ಬಂದಾಗ ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದ.

"ಆವತ್ತು ಶಾಲೆ ಭಣಗುಟ್ಲಿ ವರ್ಡಾ. ಹಾಜರಿ ಮಕಾಡೆ ಮಲಗ್ಲಿ. ಡಿಸೆಂಬರಲ್ಲಿ ನಿನ್ನ ಮೇಡಂನ ಬಾಲ್ಟಿಮೋರಿಗೆ ಬಸ್ ಹತ್ಸೋಣ. ಬೇಕಾದ್ರೆ ನೀನೇ ಓಡಿಸ್ಕೊಂಡು ಹೋಗು."

"ಹತ್ಸೋದಾದ್ರೆ ಓದದೆ ಕೈ ಎತ್ತೋರ್ನೆಲ್ಲ ಹತ್ಸೋಣ ಬಿಡು. ಮುಂದಿನ ಸೀಟು ನಿಂಗೇ," ಎಂದೆ.

ಬಾಯಲ್ಲಿ ಹಾಗೆಂದರೂ ಒಳಗೊಳಗೇ ಹೆದರಿದ್ದೆ. ಈ ಹೆಂಗಸು ಹೋದರೆ ಓದಿನ ಗಂಟೆಯೂ ಅವರ ಹಿಂದೆಯೇ ಹೋಗುತ್ತದೆ, ಮತ್ತೆ ಮಕ್ಕಳು ತಪ್ಪು ಬಸ್ಸು ಹತ್ತುತ್ತಾರೆ. ಮೇಡಂ ತಮ್ಮ ಕಾರಿನ ಬಳಿ ಒಬ್ಬರೇ ನಿಂತಿದ್ದರು.

"ಮಿಸ್ ವರ್ಡಾ, ವಸಂತದ ಪರೀಕ್ಷೆಗೆ ಮುಂಚೆ ಮೂರು ದಿನ ಹೆಚ್ಗೆ ಸಿಗ್ತವೆ ಅಂತ ಮಾಡ್ದೆ," ಎಂದರು. "ಜಿಂಕೆ ಮೂರು ದಿನ ಕಾಯಲ್ವಾ?"

"ಜಿಂಕೆ ಕಾಯುತ್ತೆ ಮೇಡಂ. ಜನ ಕಾಯಲ್ಲ."

ಮರುದಿನದಿಂದ ನಾನು ಊರೂರು ತಿರುಗಿದೆ. ನನ್ನ ಬಸ್ಸಿನಲ್ಲಿ ಮೂಗೊರೆಸಿಕೊಂಡು ಬೆಳೆದವರೆಲ್ಲ ಈಗ ತಾಯಿತಂದೆಯರು. ಮಕ್ಕಳನ್ನು ಕಳಿಸಿ ಎಂದರೆ ಕಾಫಿ ಕೊಡುತ್ತಾರೆ, ಕಡುಬು ಕೊಡುತ್ತಾರೆ, ಮಾತು ಮಾತ್ರ ಕೊಡುವುದಿಲ್ಲ. ಪೆಟ್ರೋಲ್ ಬಂಕಿನ ಗಲ್ಲಾದಲ್ಲಿ ಕೂರುವ ಡ್ರೀಮಾ ಕೇಳಿದಳು, "ಕಳಿಸ್ತೀನಿ ಮಿಸ್ ವರ್ಡಾ, ಯಾಕ್ ಕಳಿಸಲ್ಲ. ನೀವ್ ಆವತ್ ಎಲ್ಲಿರ್ತೀರಾ ಅಂತ ಮೊದ್ಲು ಹೇಳಿ."

"ಶಾಲೇಲಿ. ಊಟ ಬಡಿಸ್ತೀನಿ."

ಜ್ವರ ಬಂದವಳನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಅವಳದೇನು ತಪ್ಪು, ಮಂಡಿ ಕೆಟ್ಟ ವರ್ಷವನ್ನೂ ಸೇರಿಸಿ ನಾನು ಆ ಸೋಮವಾರ ಕಾಡಿಗೆ ಹೋಗದೆ ಇದ್ದದ್ದೇ ಇಲ್ಲ. ಹಿಂದಿನ ಶುಕ್ರವಾರ ಬಸ್ ಡ್ರೈವರುಗಳಲ್ಲಿ ಹೆಚ್ಚಿನವರು ಮುಂಗಡವಾಗಿಯೇ ಹೊಟ್ಟೆನೋವೆಂದು ಹೇಳಿಕಳಿಸಿದರು.

ಸೋಮವಾರ ಬೆಳಕು ಹರಿಯುವ ಮುಂಚೆ ನಾನು ಅಪ್ರನ್ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಬಂದೂಕಿನ ಕಡೆ ತಿರುಗಿಯೂ ನೋಡಬಾರದೆಂದು ಶಪಥ ಮಾಡಿಕೊಂಡಿದ್ದೆ. ಆಗ ಫೋನು ಹೊಡೆದುಕೊಂಡಿತು. ಶಾಲಾ ಕಚೇರಿಯ ಯಂತ್ರದ ಧ್ವನಿ. "ದಟ್ಟವಾದ ಮಂಜಿನ ಕಾರಣ ಟ್ಯಾನ್‌ಬಾರ್ಕ್ ಕೌಂಟಿಯ ಎಲ್ಲ ಶಾಲೆಗಳು ಇಂದು ಮೂರು ಗಂಟೆ ತಡವಾಗಿ ಆರಂಭವಾಗುತ್ತವೆ."

ಬಾಗಿಲು ತೆಗೆದು ನೋಡಿದೆ. ನಕ್ಷತ್ರಗಳು ಕೈಗೆ ಸಿಗುವಷ್ಟು ಹತ್ತಿರವಿದ್ದವು. ಎದುರು ಗುಡ್ಡದ ಒಂದೊಂದು ಮರವೂ ಎಣಿಸುವಂತೆ ಕಾಣುತ್ತಿತ್ತು. ಮಂಜಿರಲಿ, ಮಂಜಿನ ಅಜ್ಜಿಯ ಸುಳಿವೂ ಇರಲಿಲ್ಲ. ತಡವಾಗಿ ಶುರುವಾದ ದಿನವನ್ನೂ ಹಾಜರಿಯ ಲೆಕ್ಕದಲ್ಲಿ ಪೂರ್ತಿ ದಿನವೆಂದೇ ಹಿಡಿಯುತ್ತಾರೆ, ತಡ ಮಾಡುವ ಅಧಿಕಾರ ಸೂಪರಿಂಟೆಂಡೆಂಟ್ ಒಬ್ಬರದೇ. ಮೊದಲು ಬೇಟೆ ಮುಗಿಸಿ ಬನ್ನಿ ಎನ್ನುತ್ತಿದ್ದಾರೆ ಮೇಡಂ ಎಂದು ಅರ್ಥವಾದದ್ದೇ ತಡ, ಬಾಗಿಲಲ್ಲೇ ನಿಂತು ಒಬ್ಬಳೇ ನಕ್ಕೆ. ಆಮೇಲೆ ಅಪ್ರನ್ ಚೀಲವನ್ನು ಅಲ್ಲೇ ಬಿಸಾಡಿ ಬೇಟೆಗೆ ಹಾಕುವ ಕಿತ್ತಳೆ ಬಣ್ಣದ ಜಾಕೆಟ್ ಹುಡುಕಿದೆ. ಆವತ್ತು ನನಗೆ ಜಿಂಕೆ ಸಿಗಲಿಲ್ಲ, ಸಿಕ್ಕಷ್ಟೇ ಸಂತೋಷದಲ್ಲಿ ಗುಡ್ಡ ಇಳಿದೆ.

ಶಾಲೆ ಶುರುವಾಗುವ ಹೊತ್ತಿಗೆ ಬಸ್ಸುಗಳು ಸಾಲಾಗಿ ಬಂದವು. ಡ್ರೈವರುಗಳ ಹೊಟ್ಟೆನೋವು ಕಾಡಿನ ಗಾಳಿಗೆ ವಾಸಿಯಾಗಿತ್ತು. ಕಿತ್ತಳೆ ಟೋಪಿ, ಕಿತ್ತಳೆ ಕೋಟು, ಕೆಸರು ಬೂಟು, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಜಿಂಕೆಯ ಕತೆ. ಮೇಷ್ಟ್ರುಗಳ ಷರಟಿನ ತುಂಬ ಎಲೆಚೂರು. ಯಾರಿಗೂ ರಜೆ ಕಳೆದುಕೊಂಡ ಬೇಸರವಿದ್ದ ಹಾಗೆ ಕಾಣಲಿಲ್ಲ. ಬಾಗಿಲಲ್ಲಿ ಪಿಂಕ್ನಿ ಮೇಡಂ ಯಾರದೋ ದೊಡ್ಡ ಕಿತ್ತಳೆ ಟೋಪಿ ಕಿವಿಯವರೆಗೆ ಎಳೆದುಕೊಂಡು ನಿಂತಿದ್ದರು.

"ಮಂಜು ಎಲ್ಲಿ ಮೇಡಂ?" ಎಂದೆ.

"ಆ ಯಂತ್ರದಲ್ಲಿ ಇರೋದೇ ಎರಡು ಕಾರಣ ಮಿಸ್ ವರ್ಡಾ. ಹಿಮ, ಇಲ್ಲಾ ಮಂಜು. ಹಿಮ ಅಂದಿದ್ರೆ ಇನ್ನೂ ನಗ್ತಿದ್ರು."

"ನಿಜವಾದ ಕಾರಣ?"

"ಬಸ್ ಹೋಗೋ ಹಾಗಿರ್ಲಿಲ್ಲ," ಎಂದು ಒಳಗೆ ನಡೆದರು. ನಾನು ಅದನ್ನು ನೆಪ ಎಂದುಕೊಂಡು ಸುಮ್ಮನಾದೆ. ಮಂಗಳವಾರ, ಬುಧವಾರವೂ ಮೂರು ಗಂಟೆ ತಡ. ಮೂರು ದಿನವೂ ಹಾಜರಿ ಇಡೀ ವರ್ಷದಲ್ಲೇ ಎಲ್ಲಕ್ಕಿಂತ ಹೆಚ್ಚು.

ಹಾರ್ಲನ್ ಸುಮ್ಮನಿರುವ ಪೈಕಿಯಲ್ಲ. ಮಂಜಿಲ್ಲದ ದಿನ ಮಂಜು ಎಂದು ಸುಳ್ಳು ಹೇಳಿದ ಅಧಿಕಾರಿಯನ್ನು ಹೇಗೆ ಇಟ್ಟುಕೊಳ್ಳುವುದು ಎಂದು ಅಂಗಡಿಗೆ ಬಂದವರನ್ನೆಲ್ಲ ಕೇಳಿದ. ರಾಜ್ಯದವರೂ ಮೇಡಂಗೆ ಫೋನು ಮಾಡಿ ವಿಚಾರಿಸಿದರಂತೆ. ಅವನ ಮಾತಿನಲ್ಲಿ ಹುರುಳಿತ್ತು, ನನಗೆ ಸಂಕಟವಾದದ್ದು ಅದಕ್ಕೇ.

ಡಿಸೆಂಬರಿನ ಸಭೆಗೆ ಕೂರಲು ಜಾಗವಿರಲಿಲ್ಲ. ಮತಕ್ಕೆ ಮುಂಚೆ ಜನರಿಗೆ ತಲಾ ಮೂರು ನಿಮಿಷ ಮಾತಾಡುವ ಹಕ್ಕಿದೆ. ಮೊದಲು ಎದ್ದವನು ಮುದುಕ ಎಮ್ಮೆಟ್, ಹಸು ಸಾಕುವವನು.

"ನಮ್ ಕಡೆ ಎಂಥಾ ಮಂಜು ಅಂದ್ರೆ, ನನ್ ನಾಯಿ ನನ್ನೇ ನೋಡಿ ಬೊಗಳ್ತು."

"ಎಮ್ಮೆಟ್, ಇನ್ನೂರು ಗಜದಿಂದ ಜಿಂಕೆ ಹೊಡ್ದೆ ಅಂತ ಆವತ್ತೇ ನನ್ನಂಗಡೀಲಿ ಕೊಚ್ಕೊಂಡೆ," ಎಂದ ಹಾರ್ಲನ್.

"ಮಂಜಲ್ಲಿ ಹೊಡ್ದೆ ಅನ್ನೋದನ್ನೂ ಈಗ ಸೇರಿಸ್ಕೋ."

ಆಮೇಲೆ ಡ್ರೀಮಾ ಮೈಕು ಹಿಡಿದಳು. "ಆ ಮಂಜಲ್ಲಿ ನನ್ ಗಂಡ ಕಳ್ದೇ ಹೋಗಿದ್ದ. ಮಧ್ಯಾಹ್ನ ಸಿಕ್ಕಿದ. ಸಂಜೆ ಸಿಕ್ಕಿದ್ರೂ ನಡೀತಿತ್ತು."

ಒಬ್ಬರಾದ ಮೇಲೊಬ್ಬರು ಎದ್ದು, ಆಣೆ ಪ್ರಮಾಣ ಮಾಡಿ, ಮುಖದ ಗೆರೆ ಅಲ್ಲಾಡಿಸದೆ ಮಂಜನ್ನು ವರ್ಣಿಸಿದರು. ಎರಡು ತಿಂಗಳ ಹಿಂದೆ ಇದೇ ಜನ ಇದೇ ಜಾಗದಲ್ಲಿ ಮೇಡಂ ಹೆಸರು ಹಿಡಿದು ಹಲ್ಲು ಕಡಿದಿದ್ದರು. ನಗು ತಡೆಯಲಾರದೆ ನನ್ನ ಹೊಟ್ಟೆ ಹುಣ್ಣಾಯಿತು. ಹಾರ್ಲನ್ನನ ಕಿವಿ ಮಾತ್ರ ಕೆಂಪಾಗುತ್ತ ಹೋಯಿತು. ಅಷ್ಟರಲ್ಲಿ ಪಿಂಕ್ನಿ ಮೇಡಂ ಎದ್ದು ನಿಂತರು.

"ನಿಮ್ಮೆಲ್ರಿಗೂ ಥ್ಯಾಂಕ್ಸ್. ಆದ್ರೆ ಮಂಜಿರ್ಲಿಲ್ಲ," ಎಂದರು. ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. "ಆವತ್ತು ಕತ್ತಲಿರೋವಾಗ್ಲೇ ರಸ್ತೆ ನೋಡಕ್ಕೆ ಹೋದೆ. ಮಕ್ಕಳು ಬರಲ್ಲ ಅಂತ ಗೊತ್ತಿತ್ತು, ಬಸ್ಸಾದ್ರೂ ಓಡ್ಬೇಕಲ್ಲ. ಕಾಡಿಗೆ ಹೊರಟಿದ್ದ ಎಲ್ಲಾ ಗಾಡೀಲೂ ಮುಂದಿನ ಸೀಟಲ್ಲಿ ಮಗು ಕೂತಿತ್ತು, ನಿದ್ದೆಗಣ್ಣಲ್ಲಿ, ಅಪ್ಪನ ಜೊತೆ, ಅಜ್ಜಿ ಜೊತೆ. ಇವ್ರು ಶಾಲೆ ಬಿಟ್ಟು ಓಡ್ತಿಲ್ಲ, ಮೊದ್ಲು ಬೇರೆ ಕಡೆ ಹೋಗಿ ಬರ್ತಾರೆ ಅಷ್ಟೇ ಅನ್ನಿಸ್ತು. ನಾನು ಏಪ್ರಿಲಲ್ಲೇ ಇದನ್ನ ಕೇಳಿ ತಿಳ್ಕೋಬೇಕಿತ್ತು. ತಪ್ಪು ನಂದು."

"ಅದಕ್ಕೇ ಸುಳ್ಳು ಹೇಳಿದ್ರಿ," ಎಂದ ಹಾರ್ಲನ್.

"ಕಾರಣ ಸುಳ್ಳು, ತಡ ಮಾಡಿದ್ದು ಸುಳ್ಳಲ್ಲ. ಗಿರಣಿ ತಿರುವಲ್ಲಿ ಮೂರು ದಿನಾನೂ ಒಂದೇ ಗಾಡಿ ಅರ್ಧ ರಸ್ತೆ ಮೇಲೇ ನಿಂತಿತ್ತು. ಬಸ್ಸು ದಾಟೋ ಹಾಗಿರ್ಲಿಲ್ಲ. ಆ ರಸ್ತೇಲಿ ಮೂರು ಬಸ್ ಬರ್ಬೇಕು."

"ಯಾರ್ ಗಾಡಿ?"

"ಅದು ಬೇಡ ಬಿಡಿ."

"ಬೇಡ ಅಂದ್ರೆ? ಹೇಳಿ. ದಾಖಲೆಗೆ ಹೋಗ್ಲಿ."

ಮೇಡಂ ಅವನ ಕಡೆ ತಿರುಗಿದರು. "ಕೆಂಪು ಗಾಡಿ ಮಿಸ್ಟರ್ ಮಲ್ಲೋ. ಬಾಗಿಲ ಮೇಲೆ ಮಲ್ಲೋ ಮೇವಿನ ಅಂಗಡಿ ಅಂತ ಬರ್ದಿತ್ತು."

ಗೋಡೆ ಬಿರಿಯುವಂತೆ ಜನ ನಕ್ಕರು. ಎಮ್ಮೆಟ್ ಮೊಣಕಾಲು ತಟ್ಟಿಕೊಂಡು ನಕ್ಕ. ಹಾರ್ಲನ್ ಸಭೆಯ ಗದ್ದಲ ಅಡಗಿಸುವ ಸುತ್ತಿಗೆ ಎತ್ತಿದವನು ಕುಟ್ಟಲಿಲ್ಲ. ನಗು ಅದರಷ್ಟಕ್ಕೆ ಅಡಗುವವರೆಗೂ ಕಾದ.

"ಇಷ್ಟ್ ದಿನದಿಂದ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ರಾಜ್ಯದೋರು ಕೇಳ್ದಾಗ?"

"ಇದೇ ಹೇಳ್ದೆ. ಮಂಜಿರ್ಲಿಲ್ಲ, ಗಾಡಿ ನಿಂತಿತ್ತು ಅಂತ. ಅಷ್ಟಾದ್ರೆ ಸರಿ ಅಂದ್ರು. ಯಾರದು ಅಂತ ಅವ್ರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಹಾರ್ಲನ್ ಸುತ್ತಿಗೆಯನ್ನು ಮೇಜಿನ ಮೇಲಿಟ್ಟ. ತಮ್ಮ ಕೆಲಸ ಕಿತ್ತುಕೊಳ್ಳಲು ಊರೆಲ್ಲ ಮಾತಾಡುತ್ತಿದ್ದವನ ಹೆಸರನ್ನು ಈ ಹೆಂಗಸು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದರು. ನನ್ನ ಕೈಯಲ್ಲಾಗಿದ್ದರೆ ಆ ಗಾಡಿಯ ವಿಷಯ ಆವತ್ತೇ ಮಧ್ಯಾಹ್ನ ಪೆಟ್ರೋಲ್ ಬಂಕು ತಲುಪಿರುತ್ತಿತ್ತು.

ಟ್ವೈಲಾ ಮತ ಕರೆದಳು. ನಾನು ಹೌದೆಂದೆ, ನನ್ನ ಜೊತೆಯವರು ಹೌದೆಂದರು. ಇಬ್ಬರು ಇಲ್ಲ ಎಂದರು. ಉಳಿದದ್ದು ಅಧ್ಯಕ್ಷನ ಮತ.

"ನನ್ ಮೊಮ್ಮಗ ಆವತ್ತು ಬೆಳಿಗ್ಗೆ ನನ್ ಪಕ್ಕದಲ್ಲಿದ್ದ," ಎಂದ ಹಾರ್ಲನ್, ಯಾರ ಮುಖವನ್ನೂ ನೋಡದೆ. "ಮೊದಲ್ನೇ ಜಿಂಕೆ ಹೊಡ್ದ. ಆಮೇಲೆ ನಾನೇ ಶಾಲೆಗೆ ಬಿಟ್ ಬಂದೆ. ಇಳಿಯೋವಾಗ, ತಾತ, ಬೇಗ ಬಿಡು, ಇವತ್ತು ಓದೋ ಸರದಿ ನಂದು ಅಂದ. ನಾನು ಅವನ ವಯಸ್ಸಲ್ಲಿ ಓದೋ ಸರದಿ ಬಂದ್ರೆ ಹಿಂದಿನ ಬಾಗಿಲಿಂದ ಓಡೋಗ್ತಿದ್ದೆ. ಹೌದು."

ಟ್ವೈಲಾ ಪೆನ್ನು ಹಿಡಿದುಕೊಂಡು ಅವನನ್ನೇ ನೋಡುತ್ತ ಕುಳಿತಿದ್ದಳು. ನನಗೆ ಕಣ್ಣು ಮಂಜಾಗಿ ಮೇಡಂ ಎಲ್ಲಿ ನಿಂತಿದ್ದಾರೆಂದೂ ಕಾಣಲಿಲ್ಲ.

"ನನ್ ಮುಖದಲ್ಲೇನಿದೆ, ಬರ್ಕೋ ಟ್ವೈಲಾ," ಎಂದ ಹಾರ್ಲನ್. "ಮೂರು ವರ್ಷ."